ಜೀನ್ಸ್ ಬಂಡಲ್ ಯಾರ ಮನಿಗೆ ಹೋಗ್ತೈತಿ, ಮೊದ್ಲು ಅದನ್ನ ನೋಡ್ರಿ

ಬಳ್ಳಾರಿಯಾಗ ಜೀನ್ಸ್ ಯೂನಿಟ್ ನಡ್ಸೋ ಯಾರನ್ನ ಕೇಳಿದ್ರೂ "ನಮ್ಮಲ್ಲಿ ಸಣ್ಣ ಹುಡುಗ್ರು ಇಲ್ರೀ" ಅಂತಾರ. ಖರೇನ, ಯೂನಿಟ್ಟಿನಾಗ ಇರಂಗಿಲ್ಲ. ಆದ್ರ ದಾರ ಕಟ್ ಮಾಡಾಕ, ಗುಂಡಿ ಹಚ್ಚಾಕ ಸಂಜಿಗೆ ಆಟೋದಾಗ ಬಂಡಲ್ ಹೊರಗ ಹೋಗ್ತೈತಲ್ಲ, ಅಲ್ಲಿ ಯಾರ್ ಕುಂತಾರ ಅಂತ ಬೈಯರ್ (ಮಾಲು ಕೊಳ್ಳೋ ಕಂಪನಿ) ಕಡೆಯವ್ರು ಕೇಳಿದ್ರ ಉತ್ತರ ಇರಂಗಿಲ್ಲ. ನನ್ನತ್ರನೂ ಇರ್ಲಿಲ್ಲ.

ಮೊದ್ಲು ಒಂದ್ ನೋಟ್‌ಬುಕ್ ಇಡ್ರಿ: ಬಂಡಲ್ ನಂಬರ್, ಯಾರಿಗೆ ಕೊಟ್ವಿ, ಅವ್ರು ಮುಂದ ಯಾರಿಗೆ ಕೊಟ್ರು, ಯಾವ ಓಣಿ. ಬಂಡಲ್ ಒಯ್ದು ಮನಿಮನಿಗೆ ಹಂಚೋ ಮೇಸ್ತ್ರಿ "ನಾ ನೋಡ್ಕೋತೀನಿ ಬಿಡ್ರಿ" ಅಂತಾನ, ಬಿಡಬ್ಯಾಡ್ರಿ, ಮನಿ ಹೆಸ್ರು ಬರ್ಸೋತನಕ ಮುಂದಿನ ಬಂಡಲ್ ಕೊಡಬ್ಯಾಡ್ರಿ.

ಆಮ್ಯಾಲ ಹೇಳ್ದೇ ಕೇಳ್ದೇ ಹೋಗ್ರಿ. ಒಮ್ಮೆ ಸಾಲಿ ಟೈಮಿಗೆ, ಒಮ್ಮೆ ರಾತ್ರಿ ಎಂಟಕ್ಕ. ನಾ ಹೋದಾಗ ಒಂದ್ ಮನ್ಯಾಗ ಪ್ಯಾಂಟಿನ ರಾಶಿ ಮುಂದ ತಾಯಿ ಒಬ್ಬಾಕಿನ ಕುಂತಿದ್ಲು, ಕತ್ರಿ ಮಾತ್ರ ಮೂರು, ಬಾಗ್ಲ ಹಿಂದ ನಿಂತ ಹುಡುಗಿ ಬೆರಳೆಲ್ಲ ನೀಲಿ. ಬೈಯಾಕ ಬಾಯಿ ತೆಗ್ದೆ, ಆಮ್ಯಾಲ ಲೆಕ್ಕ ಹಾಕ್ದೆ, ಅಷ್ಟ್ ಪೀಸು ಒಬ್ಬಾಕಿ ರಾತ್ರಿಯೆಲ್ಲಾ ಕುಂತ್ರೂ ಮುಗಿಯಂಗಿಲ್ಲ, ಬೆಳಿಗ್ಗೆನೇ ಬೇಕು ಅಂದಾಂವ ನಾನೇ. ಅದಕ್ಕ ರೇಟು, ಡೆಲಿವರಿ ದಿನ ಎರಡೂ ಸರಿ ಮಾಡ್ದೇ ಗ್ವಾಡಿಗೆ "ಇಲ್ಲಿ ಬಾಲ ಕಾರ್ಮಿಕರಿಲ್ಲ" ಅಂತ ಬೋರ್ಡ್ ಹಚ್ಚಿದ್ರ ಏನೂ ಆಗಂಗಿಲ್ಲ.

ಕಾನೂನು ಸಿಂಪಲ್ ಐತಿ: 14 ವರ್ಷದೊಳಗಿನವ್ರನ್ನ ಕೆಲ್ಸಕ್ಕ ಇಟ್ಕೊಳ್ಳಂಗಿಲ್ಲ, 14ರಿಂದ 18 ಇದ್ರ ಅಪಾಯದ ಕೆಲ್ಸ ಬ್ಯಾಡ. 2016ರ ತಿದ್ದುಪಡಿ ಮ್ಯಾಲ ಆರು ತಿಂಗ್ಳಿಂದ ಎರಡು ವರ್ಷ ಜೈಲು, ಇಲ್ಲ 20,000ದಿಂದ 50,000 ದಂಡ, ಇಲ್ಲ ಎರಡೂ. ಸಾಲಿ ಬಿಟ್ಟ ಮ್ಯಾಲ ಮನಿಯವ್ರ ಕೆಲ್ಸಕ್ಕ ಕೈ ಹಚ್ಚಬಹುದು ಅಂತ ಒಂದ್ ಸಂದಿ ಐತಿ, ಅದನ್ನ ಹಿಡ್ಕೊಂಡು ಕುಂದ್ರಬ್ಯಾಡ್ರಿ. ವಾಷಿಂಗಿಗಂತೂ, ಬ್ಲೀಚು ಕೆಮಿಕಲ್ಲು ಇರೋ ಕಡೆ, 18 ತುಂಬ್ದೋರೇ ಬೇಕು. ವಯಸ್ಸಿಗೆ ಆಧಾರ್ ಒಂದೇ ನಂಬಬ್ಯಾಡ್ರಿ, ಸಾಲಿ ಟೀಸಿ ಇಲ್ಲ ಜನನ ಪ್ರಮಾಣ ಪತ್ರ ಕೇಳ್ರಿ.

ಹುಡುಗ್ರು ಸಿಕ್ಕ್ರ ಆ ಮನಿ ಕೆಲ್ಸ ಅವತ್ತೇ ಕಟ್ ಮಾಡೋದು ದೊಡ್ಡ ತಪ್ಪು. ಮಗು ಸಾಲಿಗೆ ಹೋಗಂಗಿಲ್ಲ, ಹತ್ತಿ ಬಿಡ್ಸಾಕ ಹೋಗ್ತೈತಿ. ತಾಯಿಗೆ ಕೆಲ್ಸ ಮುಂದುವರ್ಸ್ರಿ, ಹೆಡ್‌ಮಾಸ್ತರ್ ಜೊತಿ ಮಾತಾಡ್ರಿ, ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಮಾಡ್ರಿ. ಕುಷ್ಟಗಿ ಕಡೆ ಹತ್ತಿ ಬೀಜದ ಹೊಲ್ದಾಗ ಹೂವು ಕ್ರಾಸಿಂಗ್ (ಕೈಯಿಂದ ಪರಾಗ ಹಚ್ಚೋದು) ಮಾಡ್ಸೋರಿಗೂ ಇದೇ ಮಾತು, ಅಲ್ಲಿ ಮೇಸ್ತ್ರಿ ಬದ್ಲಿ ಬೀಜದ ಕಂಪನಿಗೂ ರೈತರಿಗೂ ನಡುವಿನ ಆರ್ಗನೈಸರ್ ಇರ್ತಾನ ಅಷ್ಟೇ.

ಆ ಮನಿಗೆ ಈಗ ಅರ್ಧ ಪೀಸು ಕಳಸ್ತೀನಿ, ಮೂರು ದಿನ ಟೈಮು. ಹೋದ ವಾರ ಕತ್ರಿ ಒಂದೇ ಇತ್ತು. ಇನ್ನೆರಡು ಎಲ್ಲಿ ಇಟ್ಟಾರೋ, ಮತ್ತೊಮ್ಮೆ ರಾತ್ರಿ ಹೋಗ್ಬೇಕು.