ಅಂಟಿಲ್ಲದೆ ಕೂತ ಗಾಜು: ಮಾರುತಿ 800ರ ಎಡಬಾಗಿಲು, ನನ್ನ ಅನುಭವ

ಮಾರುತಿ 800ರ ಬಾಗಿಲಿನ ಗಾಜಿಗೆ ಕೆಳಗಿನ ಚಾನೆಲ್, ಅಂದರೆ ಗಾಜಿನ ಕೆಳಅಂಚನ್ನು ಕಚ್ಚಿ ಹಿಡಿಯುವ ಕಬ್ಬಿಣದ ಪಟ್ಟಿ, ಕೂರಿಸಲು ಯಾವ ಅಂಟೂ ಬೇಕಿಲ್ಲ. ಈ ಮಾತು ಹೇಳಿದಾಗ ಸಾಗರದ ಗ್ಯಾರೇಜುಗಳಲ್ಲಿ ನಗದೇ ಇದ್ದವರು ಕಡಿಮೆ. ನಮ್ಮ ಭಾವನಂತೂ, "ಒಂದು ಮಳೆಗಾಲ ನಿಂತ್ರೆ ನಂಗೆ ಫೋನ್ ಮಾಡು" ಅಂದಿದ್ದ. ಎರಡು ಮಳೆಗಾಲ ನಿಂತಿದೆ, ಗಾಜು ಒಂದು ಕೂದಲೆಳೆಯಷ್ಟೂ ಸರಿದಿಲ್ಲ. ಫೋನೂ ಮಾಡಿದ್ದಾಯ್ತು. ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಗಾಜು ಹೋದದ್ದು ಹುಲ್ಲು ಹೊಡೆಯುವ ಮೆಷಿನ್ನಿಂದ. ತೋಟದ ದರೆ ಪಕ್ಕ ಗಾಡಿ ನಿಂತಿತ್ತು, ಬ್ಲೇಡಿಗೆ ಸಿಕ್ಕಿದ ಒಂದು ಜಲ್ಲಿಕಲ್ಲು ಹಾರಿ ಮುಂದಿನ ಎಡಬಾಗಿಲಿಗೆ ಬಡಿಯಿತು. ಕಲ್ಲು ನೆಲ್ಲಿಕಾಯಿ ಗಾತ್ರದ್ದೂ ಇರಲಿಲ್ಲ. ಕಾಯಿಸಿ ಗಟ್ಟಿ ಮಾಡಿದ ಈ ಟೆಂಪರ್ಡ್ ಗಾಜಿನ ಜಾತಿಯೇ ಹಾಗೆ, ಒಂದು ಮೂಲೆಗೆ ಪೆಟ್ಟು ಬಿದ್ದರೆ ಪೂರ್ತಿ ಗಾಜು ಕಲ್ಲುಸಕ್ಕರೆ. ಜೂನ್ ತಿಂಗಳು, ಮಳೆ ಹಿಡಿದಾಗಿತ್ತು.

ಇನ್ಶೂರೆನ್ಸ್ ಕ್ಲೇಮ್ ಮಾಡಿ ಅಂತ ಸಲಹೆ ಕೊಟ್ಟವರಿಗೇನೂ ಬರವಿರಲಿಲ್ಲ. 2006ರ ಗಾಡಿ, ಇರುವುದು ಥರ್ಡ್ ಪಾರ್ಟಿ ಮಾತ್ರ, ಅದರಲ್ಲಿ ನಮ್ಮ ಗಾಜಿಗೆ ಕಾಸು ಹುಟ್ಟುವುದಿಲ್ಲ. ಫುಲ್ ಇನ್ಶೂರೆನ್ಸ್ ಇದ್ದವರೂ ಲೆಕ್ಕ ಹಾಕಿ ನೋಡಿ. ಗಾಜಿಗೆ ಸವಕಳಿ ಕಡಿತ ಇಲ್ಲ ಅನ್ನುವುದು ನಿಜ, ಆದರೆ 1500 ಸಿಸಿ ಒಳಗಿನ ಗಾಡಿಗೆ ಮೊದಲ ಸಾವಿರ ರೂಪಾಯಿ ನಾವೇ ಹಾಕಬೇಕು, ಮೇಲೆ ನೋ ಕ್ಲೇಮ್ ಬೋನಸ್ಸೂ, ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿಯೂ, ಹೋಗುತ್ತದೆ. ಐದು ವರ್ಷ ಕ್ಲೇಮ್ ಮಾಡದೆ 50 ಪರ್ಸೆಂಟಿಗೆ ತಂದಿಟ್ಟುಕೊಂಡಿದ್ದನ್ನು ಒಂದು ಬಾಗಿಲ ಗಾಜಿಗೆ ಕಳಕೊಳ್ಳುವುದು ಯಾವ ಜಾಣತನ? ದೊಡ್ಡ ಸರ್ವಿಸ್ ಸೆಂಟರಿನಲ್ಲಿ ಗಾಜು, ಅದರ ಸುತ್ತಿನ ರಬ್ಬರ್ ಅಂಚು ಅಂದರೆ ಬೀಡಿಂಗು, ಮಜೂರಿ ಸೇರಿ ಮೂರು ಸಾವಿರದ ಹತ್ತಿರ ಹೇಳಿದರು. ಅದೂ ಗಾಜು ತರಿಸಬೇಕು, ಹತ್ತು ಹನ್ನೆರಡು ದಿನ ಕಾಯಬೇಕು.

ಅಲ್ಲಿಯವರೆಗೆ ಮಳೆ ತಡೆಯುವುದು ಹೇಗೆ? ಒದ್ದೆ ಪೇಂಟಿಗೆ ಬ್ರೌನ್ ಟೇಪು ಹಿಡಿಯುವುದಿಲ್ಲ, ಹಿಡಿದರೆ ಅದರ ಗೋಂದು ಬಿಡುವುದಿಲ್ಲ. ಅಡಿಕೆ ಗೊನೆಗೆ ಕಟ್ಟುವ ಪ್ಲಾಸ್ಟಿಕ್ ಕೊಟ್ಟೆ, ಅಂದರೆ ಚೀಲ, ಮನೆಯಲ್ಲಿ ಬೇಕಾದಷ್ಟಿತ್ತು. ಎರಡನ್ನು ಸೀಳಿ ಜೋಡಿಸಿ, ಬಾಗಿಲಿನ ಚೌಕಟ್ಟಿಗೆ ಮೇಲಿಂದ ಹೊದಿಸಿ, ಅಂಚನ್ನು ಒಳಕ್ಕೆ ಮಡಚಿ ಬಾಗಿಲು ಹಾಕಿಬಿಟ್ಟೆ. ಚೌಕಟ್ಟಿನ ರಬ್ಬರೇ ಕಚ್ಚಿ ಹಿಡಿಯುತ್ತದೆ, ಟೇಪಿನ ಗೊಡವೆ ಇಲ್ಲ. ನಲವತ್ತರ ಸ್ಪೀಡಿನವರೆಗೆ ಪಟಪಟ ಸದ್ದೂ ಇಲ್ಲ.

ಮೊದಲ ಗಾಜು ಗುಜರಿಯದ್ದು, ಮುನ್ನೂರೈವತ್ತೋ ನಾನೂರೋ ಕೊಟ್ಟ ನೆನಪು. ಆ ಗಾಜಿನ ಕೆಳಗಿದ್ದ ಚಾನೆಲ್ ತುಕ್ಕು ತಿಂದು ಕೈಯಲ್ಲೇ ಪುಡಿಯಾಯಿತು. ಸರಿ, ನನ್ನ ಬಾಗಿಲಿನೊಳಗೆ ಉಳಿದಿದ್ದ ಹಳೆ ಚಾನೆಲ್ಲನ್ನೇ ಕೂರಿಸಿ ಕೊಡಿ ಅಂತ ಒಂದು ಗ್ಯಾರೇಜಿಗೆ ಕೊಟ್ಟೆ. ಅವರು ಎರಡು ಟ್ಯೂಬು ಕಲಸುವ ಅಂಟು ಹಾಕಿ, ಒಂದು ರಾತ್ರಿ ಒಣಗಿಸಿ, ಆರುನೂರು ರೂಪಾಯಿ ಮಜೂರಿ ತಗೊಂಡರು. ಹದಿನೈದು ದಿನ ಚೆನ್ನಾಗಿತ್ತು. ಆಮೇಲೆ ಶಿವಮೊಗ್ಗಕ್ಕೆ ಹೋಗುವಾಗ ಆನಂದಪುರ ದಾಟಿದ ಮೇಲೆ ಗಾಜು ಇಳಿಸಲು ಹ್ಯಾಂಡಲ್ ತಿರುಗಿಸಿದರೆ ಹ್ಯಾಂಡಲ್ ಹಗುರ, ಒಳಗೆ 'ದಡಕ್' ಅಂತ ಸದ್ದು. ಗಾಜು ಬಾಗಿಲಿನ ಹೊಟ್ಟೆಯೊಳಗೆ ಮಲಗಿತ್ತು. ಒಡೆದಿರಲಿಲ್ಲ, ಒಂದು ಮೂಲೆ ಚಕ್ಕೆ ಎದ್ದಿತ್ತು.

ಅಂಟು ಯಾಕೆ ನಿಲ್ಲುವುದಿಲ್ಲ ಅಂತ ಬಿಚ್ಚಿ ನೋಡಿದರೆ ಕಣ್ಣಿಗೇ ಕಾಣುತ್ತದೆ. ಗಾಜಿನ ಮೇಲೆ ಅಂಟು ಹಾಗೇ ಇತ್ತು, ಕಳಚಿದ್ದು ಚಾನೆಲ್ ಕಡೆಯಿಂದ, ತುಕ್ಕಿನ ಒಂದು ಪದರವನ್ನೂ ಜೊತೆಗೆ ಕಿತ್ತುಕೊಂಡು. ಬಾಗಿಲು ಹಾಕುವ ಪ್ರತಿ ಪೆಟ್ಟಿಗೂ ಗಾಜು ಅಲುಗಬೇಕು, ಗಟ್ಟಿ ಅಂಟು ಅಲುಗಲು ಬಿಡುವುದಿಲ್ಲ. ಕಂಪನಿಯವರು ಅಲ್ಲಿ ರಬ್ಬರ್ ಪಟ್ಟಿ ಇಟ್ಟು ಬರೀ ಬಿಗಿಯ ಮೇಲೆ ನಿಲ್ಲಿಸಿದ್ದು ಅದಕ್ಕೇ. ಈ ಮಾತನ್ನು ಗ್ಯಾರೇಜಿನಲ್ಲಿ ಎತ್ತಿದಾಗ, "ಏನ್ ಮಾರಾಯ್ರೇ, ಅದು ಫ್ಯಾಕ್ಟರಿ ಪ್ರೆಸ್ಸಲ್ಲಿ ಹಾಕಿದ್ದು. ಕೈಯಲ್ಲಿ ಹಾಕಿದ್ರೆ ನಿಲ್ಲುತ್ತಾ?" ಅಂದರು. ನಿಲ್ಲಿಸಿ ತೋರಿಸಬೇಕು ಅಂತ ಹಟ ಹುಟ್ಟಿದ್ದು ಅಲ್ಲೇ.

ನಡುವೆ ಒಂದು ಅಡ್ಡದಾರಿಯನ್ನೂ ಹಿಡಿದೆ. ಬೋರ್ಡು ಬರೆಯುವವರ ಹತ್ತಿರ ನಾಲ್ಕು ಮಿಲಿಮೀಟರಿನ ಅಕ್ರಿಲಿಕ್ ಶೀಟು ತಂದು, ಅದೇ ಆಕಾರಕ್ಕೆ ಕೊಯ್ದು, ಅಂಚು ಉಜ್ಜಿ ಕೂರಿಸಿದೆ. ಐನೂರು ಚಿಲ್ಲರೆ ಖರ್ಚು. ನೋಡಲು ಭೇಷ್. ಆದರೆ ಬಾಗಿಲಿನ ಗಾಜಿಗೆ ಒಂದು ಸಣ್ಣ ಬಾಗು ಇರುತ್ತದೆ, ಸಪಾಟು ಶೀಟು ಅರ್ಧ ದಾರಿಗೇ ಬೀಡಿಂಗಿನಲ್ಲಿ ಸಿಕ್ಕಿಕೊಂಡಿತು. ಒಂದು ವಾರಕ್ಕೇ ಗೀರು ಬಿದ್ದು ಎಡಗಡೆ ಕನ್ನಡಿ ಮಂಜು ಮಂಜು. ಸೇಫ್ಟಿ ಗ್ಲಾಸ್ ಅಲ್ಲದ್ದನ್ನು ಬಾಗಿಲಿಗೆ ಹಾಕುವುದು ಕಾನೂನಿಗೂ ಸರಿಹೊಂದುವುದಿಲ್ಲ. ಈಗ ಆ ಶೀಟು ಕೋಳಿಗೂಡಿನ ಕಿಟಕಿಯಾಗಿದೆ. ಮನೆಕಿಟಕಿಯ ಸಾದಾ ಗಾಜು ಕೊಯ್ದು ಹಾಕುವವರನ್ನೂ ಕಂಡಿದ್ದೇನೆ. ಅದು ಒಡೆದರೆ ಕತ್ತಿ, ಆ ಸುದ್ದಿಗೆ ನಾನು ಹೋಗಲಿಲ್ಲ. ಟೆಂಪರ್ಡ್ ಗಾಜನ್ನು ಕೊಯ್ಯಲಂತೂ ಬರುವುದೇ ಇಲ್ಲ, ಹಾಗಾಗಿ ಬೇರೆ ಗಾಡಿಯ ಗಾಜನ್ನು ಸಣ್ಣದು ಮಾಡಿಕೊಳ್ಳುವ ದಾರಿಯೂ ಬಂದ್.

ಕಡೆಗೆ ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿಗೆ ಹೋಗಿ ಹೊಸ ಗಾಜೇ ತಂದೆ. ಎಂಟುನೂರೈವತ್ತರ ಆಸುಪಾಸು. ಮೂಲೆಯಲ್ಲಿ ಐಎಸ್ಐ ಮುದ್ರೆ ಇದೆಯಾ ನೋಡಿ ತಗೊಳ್ಳಿ, ಮುದ್ರೆಯೇ ಇಲ್ಲದ ಗಾಜು ಇನ್ನೂರು ರೂಪಾಯಿ ಕಡಿಮೆಗೆ ಬರುತ್ತದೆ, ಬಾಗು ಸರಿಯಿರುವುದಿಲ್ಲ. ಬಸ್ಸಿನಲ್ಲಿ ತರುವುದು ಬೇಡ ಅಂತ ತಾಳಗುಪ್ಪ ರೈಲು ಹತ್ತಿ, ಗೋಣಿಚೀಲದಲ್ಲಿ ಸುತ್ತಿ ಮೊಣಕಾಲ ನಡುವೆ ನಿಲ್ಲಿಸಿಕೊಂಡು ಸಾಗರ ಜಂಬಗಾರು ಸ್ಟೇಷನ್ನಿನಲ್ಲಿ ಇಳಿದೆ. ಗಾಜನ್ನು ಮಲಗಿಸಬೇಡಿ, ಅಂಚನ್ನು ಕಬ್ಬಿಣಕ್ಕೋ ಸಿಮೆಂಟಿಗೋ ತಾಗಿಸಬೇಡಿ. ಟೆಂಪರ್ಡ್ ಗಾಜಿನ ಪ್ರಾಣ ಅಂಚಿನಲ್ಲಿದೆ. ಹೊಟ್ಟೆಗೆ ಗುದ್ದಿದರೆ ತಡೆಯುವ ಗಾಜು ಅಂಚಿಗೆ ಸಣ್ಣ ಏಟು ತಿಂದರೂ ಹೋಗುತ್ತದೆ.

ಹೊಸ ಗಾಜಿಗೆ ಕೈ ಹಾಕುವ ಮೊದಲು ಚಕ್ಕೆ ಎದ್ದ ಗುಜರಿ ಗಾಜಿನ ಮೇಲೆ ಎಲ್ಲ ಪರೀಕ್ಷೆ ಮಾಡಿದೆ. ಚಾನೆಲ್ಲಿನ ಹಳೆ ಅಂಟನ್ನು ಹ್ಯಾಕ್ಸಾ ಬ್ಲೇಡಿನಲ್ಲಿ ಕೆರೆದು, ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಹೊಡೆದು ಎರಡು ದಿನ ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದೆ. ಮಳೆಗಾಲದಲ್ಲಿ ಬೇರೆ ಎಲ್ಲಿಟ್ಟರೂ ಒಣಗುವುದಿಲ್ಲ. ರಬ್ಬರ್ ಪಟ್ಟಿಗೆ ಮೊದಲು ಬೈಕಿನ ಟ್ಯೂಬು ಹಾಕಿ ನೋಡಿದೆ. ದಪ್ಪ, ಗಾಜು ಅರ್ಧಕ್ಕೇ ನಿಂತಿತು. ಸೈಕಲ್ ಟ್ಯೂಬು ಒಂದೇ ಪದರ ಹಾಕಿದರೆ ಸಡಿಲ, ಕೈಯಲ್ಲಿ ಎಳೆದರೆ ಬಂತು. ಸರಿಯಾಗಿದ್ದು ಸೈಕಲ್ ಟ್ಯೂಬನ್ನು ಒಂದು ಮೈಗೆ ಒಂದು ಪದರ, ಇನ್ನೊಂದು ಮೈಗೆ ಎರಡು ಪದರ ಬರುವಂತೆ ಮಡಚಿದಾಗ. ಎರಡು ಪದರ ಯಾವ ಮೈಗೆ ಅನ್ನುವುದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ, ಹಳೆ ರಬ್ಬರನ್ನು ಬೆಳಕಿಗೆ ಹಿಡಿದು ನೋಡಿದವರಿಗೆ ತಾನಾಗೇ ತಿಳಿಯುತ್ತದೆ.

ರಬ್ಬರ್ ಜಾರಲು ಏನಾದರೂ ಸವರಬೇಕು. ಎಣ್ಣೆ ಸವರಿದರೆ ರಬ್ಬರು ಊದುತ್ತದೆ, ಜಾರುವ ಗುಣವೂ ಹೋಗುವುದಿಲ್ಲ. ಸೋಪಿನ ನೀರು ಒಣಗುತ್ತದೆ, ಆದರೆ ಮಳೆಗಾಲದ ಥಂಡಿಗೆ ಮತ್ತೆ ಲೋಳೆಯಾಗುತ್ತದೆ. ನಾನು ಸವರಿದ್ದು ಮನೆಯ ಬೇಲಿಯಲ್ಲೇ ಬೆಳೆಯುವ ಒಂದು ಸೊಪ್ಪಿನ ಲೋಳೆ. ಹಾಕುವಾಗ ಸರಸರ, ಒಣಗಿದ ಮೇಲೆ ಕಚ್ಚಿ ಹಿಡಿಯುತ್ತದೆ. ತಲೆಗೆ ಹಚ್ಚಿಕೊಳ್ಳುವವರಿಗೆ ಗೊತ್ತು, ಹೆಸರು ಬೇಡ.

ಕೂರಿಸುವ ಕ್ರಮ ಹೀಗೆ. ಹಾಸಿಗೆಯ ಮೇಲೆ ಗಾಜನ್ನು ತಲೆಕೆಳಗಾಗಿ ನಿಲ್ಲಿಸಿ ಒಬ್ಬರು ಹಿಡಿದುಕೊಳ್ಳಬೇಕು. ರಬ್ಬರ್ ಸುತ್ತಿದ ಅಂಚಿನ ಮೇಲೆ ಚಾನೆಲ್ ಇಟ್ಟು, ಅದರ ಉದ್ದಕ್ಕೂ ಒಂದು ಮರದ ರೀಪು ಅಡ್ಡ ಇಟ್ಟು, ರಬ್ಬರ್ ಸುತ್ತಿಗೆಯಲ್ಲಿ ಎರಡೂ ತುದಿಗೆ ಸರದಿಯ ಮೇಲೆ ಮೆಲ್ಲಗೆ ತಟ್ಟಬೇಕು. ಒಂದೇ ತುದಿಯನ್ನು ಪೂರ್ತಿ ಇಳಿಸಿದರೆ ಇನ್ನೊಂದು ತುದಿಯಲ್ಲಿ ರಬ್ಬರ್ ಸುರುಟಿಕೊಂಡು ಬರುತ್ತದೆ. ತಳ ಮುಟ್ಟಿದಾಗ ಸುತ್ತಿಗೆಯ ಸದ್ದೇ ಬದಲಾಗುತ್ತದೆ, 'ಡಬ್ ಡಬ್' ಅನ್ನುವುದು 'ಟಕ್' ಅನ್ನುತ್ತದೆ. ಅಲ್ಲಿಗೆ ನಿಲ್ಲಿಸಿ.

ನಿಲ್ಲುತ್ತದಾ ನೋಡಲು ಗಾಜನ್ನು ಇಬ್ಬರು ಎತ್ತಿ ಹಿಡಿದು, ಚಾನೆಲ್ಲಿಗೆ ಹಗ್ಗ ಕಟ್ಟಿ ಏಳೆಂಟು ಕೆಜಿ ಚಾಲಿ ಅಡಿಕೆಯ ಚೀಲ ತೂಗುಬಿಟ್ಟೆವು. ಕೈ ಸೋತಿತು, ಚಾನೆಲ್ ಸೋಲಲಿಲ್ಲ. ಆಗ ರಜೆಗೆ ಬಂದಿದ್ದ ಭಾವ, "ಚಾನೆಲ್ ಬಾಯನ್ನ ಇಕ್ಕಳದಲ್ಲಿ ಒತ್ತಿ ಬಿಗಿ ಮಾಡಿದ್ರೆ ಇನ್ನೂ ಗಟ್ಟಿ ಅಲ್ದಾ?" ಅಂದ. ಕನ್ನಡಕ ಹಾಕಿಕೊಂಡು, ಗಾಜಿಗೆ ಕಂಬಳಿ ಹೊದಿಸಿ, ಅವನ ಕೈಗೇ ಇಕ್ಕಳ ಕೊಟ್ಟೆ. ಎರಡನೇ ಒತ್ತಿಗೆ ಕಂಬಳಿಯೊಳಗೆ ಪಟಾರ್. ಗುಜರಿ ಗಾಜಿನ ಕತೆ ಅಲ್ಲಿಗೆ ಮುಗಿಯಿತು, ಇಕ್ಕಳದ ಮಾತೂ.

ನಿಜವಾದ ತಲೆನೋವು ಚಾನೆಲ್ಲನ್ನು ಗಾಜಿನ ಉದ್ದದಲ್ಲಿ ಎಲ್ಲಿ ಕೂರಿಸಬೇಕು ಅನ್ನುವುದು. ಹಳೆ ಗಾಜು ಪುಡಿಯಾಗಿದೆ, ಅಳತೆ ಎಲ್ಲಿಂದ ತರುವುದು? ಅರ್ಧ ಇಂಚು ಆಚೀಚೆ ಆದರೆ ಗಾಜು ವಾರೆಯಾಗಿ ಏರುತ್ತದೆ, ಮೂಲೆ ಬೀಡಿಂಗಿಗೆ ಕಚ್ಚುತ್ತದೆ, ಗಾಜು ಏರಿಳಿಸುವ ಮೆಷಿನ್ನಿನ ಹಲ್ಲು ಹೋಗುತ್ತದೆ. ಗ್ಯಾರೇಜಿನಲ್ಲಿ ಅಂದಾಜಿನ ಮೇಲೆ ಹಾಕುತ್ತಾರೆ, ಬಹಳಷ್ಟು 800ಗಳ ಗಾಜು ಮೇಲೇರುವಾಗ ಕೈಯಲ್ಲಿ ತಳ್ಳಬೇಕಾಗುವುದಕ್ಕೆ ಕಾರಣ ಇದೇ ಅಂತ ನನ್ನ ಗಟ್ಟಿ ಅಭಿಪ್ರಾಯ. ಅಳತೆ ನಿಮ್ಮ ಗಾಡಿಯಲ್ಲೇ ಇದೆ, ಬಲಬಾಗಿಲಿನಲ್ಲಿ. ಅದರ ಪ್ಯಾನೆಲ್ ಬಿಚ್ಚಿ, ಗಾಜು ಪೂರ್ತಿ ಏರಿಸಿ, ಒಳಗಿಂದ ಗಾಜಿನ ಕೆಳಅಂಚಿಗೆ ನ್ಯೂಸ್ ಪೇಪರ್ ಒತ್ತಿ ಚಾನೆಲ್ಲಿನ ಎರಡು ತುದಿ ಗುರುತು ಹಾಕಿಕೊಂಡೆ. ಪೇಪರನ್ನು ಮಗುಚಿದರೆ ಎಡಬಾಗಿಲಿನ ಅಳತೆ ತಯಾರು. ಒಂದು ಗಂಟೆ ಹೆಚ್ಚಿನ ಕೆಲಸ, ಒಂದು ಪೈಸೆ ಖರ್ಚಿಲ್ಲ. ಈ ಉಪಾಯ ಇಷ್ಟು ವರ್ಷ ಯಾರಿಗೂ ಯಾಕೆ ಹೊಳೆಯಲಿಲ್ಲವೋ.

ಬಾಗಿಲು ಬಿಚ್ಚುವುದು ನಿಮಗೆಲ್ಲ ಗೊತ್ತಿದೆ. ಕ್ಲಿಪ್ಪು ಬಿಡಿಸಲು ಹ್ಯಾಂಡಲಿನ ಹಿಂದೆ ಹಳೆ ಬಟ್ಟೆ ತೂರಿಸಿ ಎಳೆದಾಡಿ, ಕ್ಲಿಪ್ಪು ಹಾರುವ ಕಡೆ ಇನ್ನೊಂದು ಬಟ್ಟೆ ಹಿಡಿಯಿರಿ, ಅಷ್ಟೇ. ಒಳಗಿನ ಗಾಜಿನ ಚೂರು ತೆಗೆಯುವುದೇ ದೊಡ್ಡ ಕತೆ. ವ್ಯಾಕ್ಯೂಮ್ ಪೈಪು ಬಾಗಿಲಿನ ತಳದ ಮೂಲೆ ಮುಟ್ಟುವುದಿಲ್ಲ. ಗೋಧಿ ಹಿಟ್ಟಿನ ಉಂಡೆ ಮಾಡಿ ಅದ್ದಿ ನೋಡಿದೆ, ಎರಡು ಸಲಕ್ಕೆ ಹಿಟ್ಟು ಒಣಗಿತು. ಹಲಸಿನಹಣ್ಣಿನ ಕಾಲ, ಮೇಣಕ್ಕೇನು ಬರ? ಕೋಲಿನ ತುದಿಗೆ ಹಲಸಿನ ಮೇಣ ಸುತ್ತಿ ತಳಕ್ಕೆ ಒತ್ತಿ ಎತ್ತಿದರೆ ಒಂದೊಂದು ಸಲಕ್ಕೆ ಹತ್ತಿಪ್ಪತ್ತು ಚೂರು ಅಂಟಿಕೊಂಡು ಬಂದವು. ಕೈಗೆ ಮೊದಲೇ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ, ಇಲ್ಲದಿದ್ದರೆ ಮೇಣ ಮೂರು ದಿನ ಜೊತೆಗಿರುತ್ತದೆ. ಬಾಗಿಲಿನ ಅಡಿಯಲ್ಲಿ ನೀರು ಹೋಗುವ ತೂತುಗಳಿವೆ, ಚೂರು ಸಿಕ್ಕಿ ಕಟ್ಟಿಕೊಂಡಿರುತ್ತವೆ. ಹಳೆ ಕೊಡೆಯ ಕಡ್ಡಿ ಹಾಕಿ ಬಿಡಿಸಿ. ಬಿಡಿಸದಿದ್ದರೆ ಈ ಊರಿನ ಮಳೆಗೆ ಬಾಗಿಲೇ ಹಂಡೆ.

ಗಾಜನ್ನು ಮುಂಭಾಗ ತಗ್ಗಿಸಿ ಓರೆಯಾಗಿ ಇಳಿಸಿ, ಚಾನೆಲ್ಲಿನ ಸ್ಕ್ರೂಗಳನ್ನು ಸಡಿಲವಾಗಿಯೇ ಹಾಕಿ, ಹ್ಯಾಂಡಲ್ ತಿರುಗಿಸಿ ಪೂರ್ತಿ ಮೇಲೇರಿಸಿ. ಮೇಲಿನ ಬೀಡಿಂಗಿನಲ್ಲಿ ಗಾಜು ತಾನೇ ತನ್ನ ಜಾಗ ಹುಡುಕಿಕೊಳ್ಳುತ್ತದೆ. ಆಮೇಲೆ ಬಿಗಿ ಮಾಡಿ. ಕೆಳಗಿದ್ದಾಗಲೇ ಬಿಗಿ ಮಾಡಿದ ಗಾಜು ಮೇಲೆ ಹೋಗಿ ಜಗಳಾಡುತ್ತದೆ.

ಬೀಡಿಂಗಿಗೆ ಏನು ಹಾಕಿದರೆ ಗಾಜು ನುಣ್ಣಗೆ ಓಡುತ್ತದೆ ಅಂತಲೂ ನೋಡಿದೆ. ಮುಖದ ಪೌಡರು ಬೇಸಿಗೆಯಲ್ಲಿ ಅದ್ಭುತ, ಮೊದಲ ಮಳೆಗೆ ಹಿಟ್ಟಾಯಿತು. ಕೊಬ್ಬರಿ ಎಣ್ಣೆ ಧೂಳನ್ನು ಕರೆದು ಕೂರಿಸಿಕೊಂಡು ಗಾಜಿಗೆ ಉದ್ದುದ್ದ ಗೀರು ಎಳೆಯಿತು. ಮೇಣದಬತ್ತಿ ಉಜ್ಜಿದ್ದು ಒಂದು ತಿಂಗಳು ಬಂತು, ಆದರೆ ಚಳಿಯ ಬೆಳಗ್ಗೆ ಕೀಂಯ್ ಅನ್ನುತ್ತಿತ್ತು. ಸಿಲಿಕಾನ್ ಸ್ಪ್ರೇಗೆ ಮುನ್ನೂರು ಹತ್ತಿರ ಕೊಡಲು ಹೊಟ್ಟೆ ಉರಿಯಿತು, ಆದರೂ ಅದೇ ಸರಿ.

ಒಳಪ್ಯಾನೆಲ್ಲಿನ ಹಿಂದಿರುವ ಪ್ಲಾಸ್ಟಿಕ್ ಹಾಳೆಯನ್ನು ಗ್ಯಾರೇಜಿನವರು ಕಿತ್ತು ಎಸೆದಿದ್ದರು. ಅದಿಲ್ಲದಿದ್ದರೆ ಗಾಜಿನ ಮೇಲಿಂದ ಇಳಿದ ನೀರು ಪ್ಯಾನೆಲ್ಲಿನ ರಟ್ಟು ಊದಿಸಿ, ಕಾಲಡಿಯ ಮ್ಯಾಟಿನ ಕೆಳಗೆ ಸೇರಿ, ಫ್ಲೋರ್ ತಿನ್ನುತ್ತದೆ. 800ಗಳು ಸಾಯುವುದು ಇಂಜಿನ್ನಿನಿಂದಲ್ಲ, ಫ್ಲೋರಿನಿಂದ. ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕನ್ನು ತೊಳೆದು ಒಣಗಿಸಿ, ಕೆಳಅಂಚನ್ನು ಬಾಗಿಲಿನ ಒಳಕ್ಕೆ ಬಿಟ್ಟು ಅಂಟಿಸಿದೆ. ನೀರು ಒಳಗೇ ಇಳಿದು ತೂತಿನಿಂದ ಹೊರಗೆ ಹೋಗಬೇಕು. ಮುರಿದ ಪ್ಯಾನೆಲ್ ಕ್ಲಿಪ್ಪುಗಳಿಗೆ ಐದೈದು ರೂಪಾಯಿ.

ಹೊಸ ಗಾಜು ತೀರಾ ಬಿಳಿ, ಫಿಲ್ಮ್ ಅಂಟಿಸು ಅಂದವರಿದ್ದಾರೆ. 2012ರಲ್ಲಿ ಸುಪ್ರೀಂ ಕೋರ್ಟು ಅಂಟಿಸುವ ಫಿಲ್ಮಿಗೇ ತಡೆ ಹಾಕಿದ ಮೇಲೆ ಎಂಟುನೂರೈವತ್ತು ರೂಪಾಯಿಯ ಗಾಜಿಗೆ ದಂಡ ಬೇರೆ ಯಾಕೆ?

ನೆನಪಿನ ಲೆಕ್ಕದಲ್ಲಿ ಹೊಸ ಗಾಜು, ರೈಲು ಚಾರ್ಜು, ಸ್ಪ್ರೇ, ಕ್ಲಿಪ್ಪು ಎಲ್ಲ ಸೇರಿ ಸಾವಿರದ ಮುನ್ನೂರರ ಒಳಗೆ. ಅಂಟಿನ ಗ್ಯಾರೇಜಿಗೂ ಗುಜರಿಗೂ ಹೋದ ಸಾವಿರವನ್ನು, ಅಕ್ರಿಲಿಕ್ಕಿನ ಐನೂರನ್ನು ಬೇರೆ ಖಾತೆಗೆ ಬರೆದಿದ್ದೇನೆ. ನಕ್ಕ ಮೆಕ್ಯಾನಿಕ್ಕೇ ಕಳೆದ ತಿಂಗಳು ಒಂದು ಓಮ್ನಿಯ ಗಾಜು ಕಳಿಸಿದ್ದರು, ಅದನ್ನೂ ಕೂರಿಸಿ ಕೊಟ್ಟೆ, ಇನ್ನೂರು ತಗೊಂಡೆ. ಗಾಜಿಗೇ ತೂತು ಕೊರೆದು ಬೋಲ್ಟಿನಲ್ಲಿ ಹಿಡಿಸಿರುವ ಹೊಸ ಗಾಡಿಗಳಿಗೆ ಇದ್ಯಾವುದೂ ನಡೆಯುವುದಿಲ್ಲ. ಅಂಥವುಗಳನ್ನು ತರಬೇಡಿ.