ಮಾಳಿಗೆ ಮೇಲಿನ ಬಿಸಿಲು ಸುಮ್ನೆ ಬಿಡಬೇಡಿ

ಮಾರ್ಕೆಟ್ಟಿನಲ್ಲಿ ಟೊಮೆಟೊ ಬೆಲೆ ಬಿದ್ದ ದಿನ ನಾನು ಹೊಲಿಗೆ ಮಿಷನ್ ಬಿಟ್ಟು ಏಳುತ್ತೇನೆ. ಚೀಲ ಹಿಡಿದು ಹೋಗಿ 10 ಕಿಲೋ ತರುತ್ತೇನೆ. "ಮತ್ತೆ ಶುರು ಆಯ್ತಾ ನಿಮ್ದು?" ಅನ್ನುತ್ತಾಳೆ ನಮ್ಮನೆಯವಳು. ಆಯ್ತು. ಶಿವರಾತ್ರಿ ಮುಗಿಯಿತು ಅಂದರೆ ನನ್ನ ಎರಡನೇ ಕೆಲಸ ಮಾಳಿಗೆ ಮೇಲೆ.

ನಾನು ಬಳ್ಳಾರಿಯವನು, ಜೀನ್ಸ್ ಹೊಲಿಯುತ್ತೇನೆ. ಪೀಸಿನ ಲೆಕ್ಕದ ಕೂಲಿ. ಕೆಲಸ ಇದ್ದಾಗ ರಾತ್ರಿ ಹನ್ನೊಂದಾದರೂ ಮುಗಿಯುವುದಿಲ್ಲ. ಇಲ್ಲದಾಗ ಹದಿನೈದು ದಿನ ಮಿಷನ್ ಮೇಲೆ ಬೆಕ್ಕು ಮಲಗಿರುತ್ತದೆ. ಇಂಥ ದುಡ್ಡಿನಲ್ಲಿ ಮನೆ ನಡೆಯಬೇಕಾದರೆ ಸೋವಿ ಇದ್ದಾಗ ತುಂಬಿಟ್ಟುಕೊಂಡು ತುಟ್ಟಿ ಆದಾಗ ತಿನ್ನಬೇಕು. ತುಂಬಿಡೋಕೆ ಫ್ರಿಜ್ ಬೇಕಲ್ವಾ ಅಂತ ಕೇಳುತ್ತಾರೆ. ನಮ್ಮ ಫ್ರಿಜ್ ಕೆಟ್ಟು ಎರಡು ವರ್ಷ ಆಯಿತು. ಅದರ ಕಥೆ ಆಮೇಲೆ ಹೇಳುತ್ತೇನೆ. ನಮ್ಮೂರಲ್ಲಿ ಎಲ್ಲರೂ ಬೈಯುವ ಬಿಸಿಲನ್ನೇ ನಾನು ಆಳಿನ ಹಾಗೆ ದುಡಿಸಿಕೊಳ್ಳುತ್ತೇನೆ. ಹೇಗೆ ಅಂತ ಹೇಳುವುದಕ್ಕೇ ಇಷ್ಟೆಲ್ಲ ಬರೆಯುತ್ತಿರುವುದು.

ಮೊದಲು ಟೊಮೆಟೊ. 2023ರ ಜುಲೈನಲ್ಲಿ ಕಿಲೋ ಟೊಮೆಟೊ 100 ರೂಪಾಯಿ ದಾಟಿತ್ತು, ನೆನಪಿರಬೇಕು. ಅವತ್ತು ಅಂಗಡಿಯಲ್ಲಿ ನಾಲ್ಕೇ ನಾಲ್ಕು ಹಣ್ಣು ತೂಗಿಸಿಕೊಂಡು ಬಂದೆ. ಪಕ್ಕದ ಮನೆಯ ತೆಲುಗಿನ ಅಕ್ಕ ಮಾತ್ರ ಆ ತಿಂಗಳೆಲ್ಲ ಟೊಮೆಟೊ ಸಾರು ಮಾಡುತ್ತಿದ್ದರು. ಕೇಳಿದರೆ ಒಂದು ಗಾಜಿನ ಭರಣಿ ತೋರಿಸಿದರು. "ಬೇಸಿಗೇಲಿ ಒಣಗಿಸಿದ್ದು ಅಣ್ಣಾ" ಅಂದರು. ಮುಂದಿನ ವರ್ಷದಿಂದ ನಾನೂ ಹಿಡಿದೆ.

ಗಟ್ಟಿ ಹಣ್ಣು ಆರಿಸಿಕೊಳ್ಳಿ. ಮೆತ್ತಗಾದದ್ದು ಅವತ್ತಿನ ಸಾರಿಗೆ. ತೊಳೆದು, ಬಟ್ಟೆಯಲ್ಲಿ ಒರೆಸಿ, ಬೆರಳಿನ ಅರ್ಧ ದಪ್ಪಕ್ಕೆ ಬಿಲ್ಲೆ ಕತ್ತರಿಸಿ. ಕಿಲೋಗೆ ಒಂದು ಚಮಚ ಉಪ್ಪು ಉದುರಿಸಿ ಅರ್ಧ ಗಂಟೆ ಬಿಡಿ. ನೀರು ಬಿಡುತ್ತದೆ. ಆ ನೀರು ಚೆಲ್ಲಬೇಡಿ, ಸಾರಿಗೆ ಹಾಕಿ, ಸಾರಿಗೆ ಬೇರೆ ಉಪ್ಪು ಕಡಿಮೆ ಮಾಡಿ. ಆಮೇಲೆ ಬಿಲ್ಲೆಗಳನ್ನು ಒಂದಕ್ಕೊಂದು ತಾಗದ ಹಾಗೆ ಹರಡಬೇಕು. ಎಲ್ಲಿ ಹರಡುತ್ತೀರಿ ಅನ್ನುವುದೇ ಮುಖ್ಯ. ಮಾಳಿಗೆಯ ಸಿಮೆಂಟಿನ ಮೇಲೆ ಬಟ್ಟೆ ಹಾಸಿದರೆ ಕೆಳಗಡೆ ಬೆವರಿ ಅಂಟುತ್ತದೆ. ನಾನು ಹಳೆಯ ಹೊರಸಿನ ಮೇಲೆ ತೆಳು ಪಂಚೆ ಹಾಸುತ್ತೇನೆ. ಕೆಳಗಿಂದಲೂ ಗಾಳಿ ಆಡುತ್ತದೆ. ಮೇಲೆ ಹರಿದ ಸೊಳ್ಳೆ ಪರದೆ. ನೊಣಕ್ಕೆ ಮಾತ್ರ ಅಲ್ಲ, ನಮ್ಮ ಕೆಂಪು ಧೂಳಿಗೂ ಅದು ಬೇಕು. ಪರದೆ ಇಲ್ಲದೆ ಒಣಗಿಸಿದ ಟೊಮೆಟೊ ತಿಂದವರಿಗೆ ಬಳ್ಳಾರಿ ಮಣ್ಣಿನ ರುಚಿ ಪುಕ್ಕಟೆ.

ಬೆಳಿಗ್ಗೆ ಒಂಬತ್ತಕ್ಕೆ ಹಾಕಿ, ಸಂಜೆ ನಾಲ್ಕೂವರೆಗೆ ಒಳಗೆ ತನ್ನಿ. ರಾತ್ರಿ ಹೊರಗೆ ಬಿಟ್ಟರೆ ಬೆಳಗಿನ ತಂಪಿಗೆ ಮತ್ತೆ ಮೆತ್ತಗಾಗುತ್ತದೆ, ಒಂದು ದಿನದ ಬಿಸಿಲು ದಂಡ. ಮಾರ್ಚಿನಲ್ಲಿ ಮೂರು ದಿನ ಹಿಡಿಯುತ್ತದೆ, ಏಪ್ರಿಲ್ಲಿನಲ್ಲಿ ಎರಡು. ಒಂದು ಚೂರು ತೆಗೆದು ನೆರಳಲ್ಲಿ ಐದು ನಿಮಿಷ ಆರಲು ಬಿಟ್ಟು ಮುರಿಯಿರಿ. ಚಪ್ಪಲಿ ಪಟ್ಟಿಯ ಹಾಗೆ ಬಾಗಿದರೆ ಇನ್ನೊಂದು ದಿನ ಬೇಕು. ಟಕ್ ಅಂತ ಮುರಿಯಬೇಕು. ಬಿಸಿ ಇದ್ದಾಗ ಪರೀಕ್ಷೆ ಮಾಡಿದರೆ ಮೋಸ, ಬಿಸಿಗೆ ಒಣಗಿದ್ದೂ ಬಾಗುತ್ತದೆ.

10 ಕಿಲೋಗೆ 600-700 ಗ್ರಾಂ ಸಿಕ್ಕೀತು, ಅಷ್ಟೇ. ಮೊದಲ ಸಲ ನನಗೆ ಎದೆ ಧಸಕ್ ಅಂದಿತು. ಟೊಮೆಟೊದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ನೀರೇ. ಹೋದದ್ದು ನೀರು, ರುಚಿ ಉಳಿದಿರುತ್ತದೆ. ಆರಿದ ಮೇಲೆ ಗಾಜಿನ ಭರಣಿಗೆ ತುಂಬಿ. ವಾರ ಬಿಟ್ಟು ನೋಡಿ. ಭರಣಿ ಒಳಗೆ ಹಬೆ ಕಟ್ಟಿದ ಹಾಗೆ ಕಂಡರೆ ತಡ ಮಾಡದೆ ಇನ್ನೊಮ್ಮೆ ಬಿಸಿಲಿಗೆ ಹಾಕಿ. ಬೂಷ್ಟು ಕಂಡರೆ ಕೊಸರಾಡಬೇಡಿ, ಪೂರ್ತಿ ಎಸೆಯಿರಿ. ಸಾರಿಗೆ ಏಳೆಂಟು ಬಿಲ್ಲೆ ಬಿಸಿನೀರಲ್ಲಿ ಕಾಲು ಗಂಟೆ ನೆನೆಸಿದರೆ ಸಾಕು. ಮಿಕ್ಸಿಯಲ್ಲಿ ಪುಡಿ ಮಾಡಿ ಮಂಡಕ್ಕಿ ಒಗ್ಗರಣೆಗೂ ಹಾಕುತ್ತೇವೆ. ಬಣ್ಣ ಕಪ್ಪಾಗುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಕರಿಬೇವು, ಮೆಂತ್ಯ ಸೊಪ್ಪು ಮಾತ್ರ ಬಿಸಿಲಿಗೆ ಹಾಕಬೇಡಿ. ಹಸಿರೂ ಹೋಗುತ್ತದೆ, ವಾಸನೆಯೂ ಹೋಗುತ್ತದೆ. ಅವಕ್ಕೆ ಮನೆಯೊಳಗಿನ ಒಣ ಗಾಳಿಯೇ ಸಾಕು.

ಇನ್ನು ರಾತ್ರಿ ಉಳಿದ ಅನ್ನ. ನಮ್ಮ ಅವ್ವ ಇದ್ದಾಗ ಒಂದು ಹಿಡಿ ಅನ್ನವೂ ಮೋರಿ ಕಾಣುತ್ತಿರಲಿಲ್ಲ. ಬೆಳಿಗ್ಗೆ ಅದನ್ನು ಕೈಯಲ್ಲಿ ನುಣ್ಣಗೆ ಮಿದ್ದು, ಜೀರಿಗೆ, ಹಸಿಮೆಣಸಿನಕಾಯಿ, ಉಪ್ಪು ಕಲಸಿ, ಗೋಲಿಯಷ್ಟು ಮುದ್ದೆ ಇಟ್ಟು ಒಣಗಿಸಿದರೆ ಸಂಡಿಗೆ. ಎರಡು ದಿನದ ಬಿಸಿಲು ಸಾಕು. ಹುಳಿ ವಾಸನೆ ಬಂದ ಅನ್ನ ಬೇಡ. ಅವ್ವ ಹೋದ ಮೇಲೆ ನಾನೇ ಮಾಡಲು ಹೋದೆ. ನಾಲಿಗೆಗೆ ಸರಿ ಅನ್ನಿಸುವಷ್ಟು ಉಪ್ಪು ಹಾಕಿದೆ. ಒಣಗಿ ಕರಿದ ಮೇಲೆ ಬಾಯಿಗಿಡಲು ಆಗಲಿಲ್ಲ. ನೀರು ಹಾರಿ ಹೋಗುತ್ತದೆ, ಉಪ್ಪು ಅಲ್ಲೇ ಕೂರುತ್ತದೆ! ಹಸಿ ಹಿಟ್ಟು ಸಪ್ಪೆ ಅನ್ನಿಸಬೇಕು, ಆಗ ಸಂಡಿಗೆ ಸರಿ ಬರುತ್ತದೆ. ಆ ಒಂದು ಡಬ್ಬಿ ಉಪ್ಪು ಸಂಡಿಗೆಯನ್ನು ಎಸೆಯಲಿಲ್ಲ. ಪುಡಿ ಮಾಡಿ ಚಟ್ನಿಪುಡಿಗೆ ಉಪ್ಪಿನ ಬದಲು ಹಾಕಿ ಹಾಕಿ ದೀಪಾವಳಿ ಹೊತ್ತಿಗೆ ಮುಗಿಸಿದೆವು.

ಅನ್ನ ಉಳಿಯದವರು ನುಚ್ಚಕ್ಕಿ ತರಬಹುದು. ಸಿರುಗುಪ್ಪ ಕಡೆಯ ರೈಸ್ ಮಿಲ್ಲುಗಳಲ್ಲಿ ಇಡೀ ಅಕ್ಕಿಗಿಂತ ನುಚ್ಚು ಎಷ್ಟೋ ಸೋವಿ. ರಾತ್ರಿ ನೆನೆಸಿ, ರುಬ್ಬಿ, ಒಂದಕ್ಕೆ ಐದರಷ್ಟು ನೀರಲ್ಲಿ ಗಂಜಿಯ ಹಾಗೆ ಕುದಿಸಿ ಚಮಚದಲ್ಲಿ ಬಿಡುವುದು. ಹಸಿ ಮಾಡಿ ಹಿಂಡಿದ ಬಟ್ಟೆ ಮೇಲೆ ಬಿಡಿ. ಒಣಗಿದ ಮೇಲೆ ಬಟ್ಟೆ ತಿರುಗಿಸಿ ಬೆನ್ನಿಗೆ ನೀರು ಚಿಮುಕಿಸಿದರೆ ಸಂಡಿಗೆ ತಾನಾಗಿ ಬಿಡುತ್ತದೆ. ಬಿಡಿಸಿದ ಮೇಲೆ ಅರ್ಧ ದಿನ ಮತ್ತೆ ಬಿಸಿಲು ತೋರಿಸಿ.

ಬೇಳೆಯ ಲೆಕ್ಕ ಇದಕ್ಕಿಂತ ದೊಡ್ಡದು. ಹೊಸ ತೊಗರಿ ಡಿಸೆಂಬರ್-ಜನವರಿಯಲ್ಲಿ ಬರುತ್ತದೆ. ಹೊಸ ಬೇಳೆ ಪೇಟೆಗೆ ಬಂದ ಮೇಲೆ ನಾನು ಎಂಟು ತಿಂಗಳಿಗಾಗುವಷ್ಟು ಒಂದೇ ಸಲ ತರುತ್ತೇನೆ. ಮಳೆಗಾಲದಲ್ಲಿ ಹುಳ ಬಿದ್ದರೆ ಆ ದುಡ್ಡೆಲ್ಲ ಹುಳದ ಹೊಟ್ಟೆಗೆ. ಅದಕ್ಕೆ ಉಪಾಯ ಇದೆ. ಮಾಳಿಗೆ ಮೇಲೆ ಮೊದಲು ಗೋಣಿತಟ್ಟು ಹಾಸಿ, ಅದರ ಮೇಲೆ ಶುಭ್ರವಾದ ಕರಿ ಪ್ಲಾಸ್ಟಿಕ್ ಹಾಳೆ. ಬೇಳೆ ಅಥವಾ ಜೋಳವನ್ನು ಎರಡು ಬೆರಳು ದಪ್ಪಕ್ಕಿಂತ ತೆಳ್ಳಗೆ ಹರಡಿ. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ನಾಲ್ಕೂ ಅಂಚಿಗೆ ಕಲ್ಲು ಹೇರಿ. ಹನ್ನೊಂದರಿಂದ ಮೂರರವರೆಗೆ ಬಿಡಿ. ಬಯಲಿಗೆ ಹಾಕಿದರೆ ಹುಳ ನೆರಳು ಹುಡುಕಿಕೊಂಡು ಕೆಳಗೆ ಇಳಿಯುತ್ತದೆ, ಸಾಯುವುದಿಲ್ಲ. ಹೀಗೆ ಮುಚ್ಚಿದರೆ ಒಳಗೆ 60 ಡಿಗ್ರಿ ದಾಟುತ್ತದೆ. ಹುಳವೂ ಉಳಿಯುವುದಿಲ್ಲ, ಅದರ ಮೊಟ್ಟೆಯೂ ಉಳಿಯುವುದಿಲ್ಲ. ಆಮೇಲೆ ಜರಡಿ ಹಿಡಿದು, ಪೂರ್ತಿ ತಣ್ಣಗಾದ ಮೇಲೆಯೇ ಡಬ್ಬಿಗೆ ತುಂಬಿ. ಬಿಸಿ ತುಂಬಿದರೆ ಒಳಗೆ ನೀರಾಡುತ್ತದೆ. ತೊಗರಿ ಬೇಳೆಗೆ ಒಂದೆರಡು ಚಮಚ ಹರಳೆಣ್ಣೆ ಸವರುವುದು ಅವ್ವನ ಕಾಲದಿಂದಲೂ ಇದೆ. ನಾನೂ ಬಿಟ್ಟಿಲ್ಲ.

ಅಕ್ಕಿಗೆ ಈ ಆಟ ಆಡಬೇಡಿ. ಜೋರು ಬಿಸಿಲಿಗೆ ಅಕ್ಕಿ ಬಿರುಕು ಬಿಡುತ್ತದೆ, ಅನ್ನ ಮಾಡಿದರೆ ನುಚ್ಚು. ಅಕ್ಕಿಯನ್ನು ನೆರಳಿನಲ್ಲಿ ಗಾಳಿಗೆ ಹರಡಿ, ಕೈಯಲ್ಲಿ ಆರಿಸಿ.

ಫ್ರಿಜ್ ಕಥೆ ಇಲ್ಲಿಗೆ ಬಂತು. ರಿಪೇರಿಗೆ ಅವನು ಕೇಳಿದ ದುಡ್ಡು ಕೇಳಿ ನಾನು ಬಾಗಿಲು ಮುಚ್ಚಿಕೊಂಡೆ, ಫ್ರಿಜ್‌ದೂ, ನಮ್ಮನೆದೂ. ಆದರೆ ಅದರ ಬಾಗಿಲ ರಬ್ಬರು ಇನ್ನೂ ಗಟ್ಟಿ ಇತ್ತು. ಇಲಿ ಬರಲ್ಲ, ಇರುವೆ ಬರಲ್ಲ, ತೇವ ಬರಲ್ಲ. ಚೆನ್ನಾಗಿ ಒರೆಸಿ, ಎರಡು ದಿನ ಬಾಗಿಲು ತೆರೆದು ಒಣಗಿಸಿ, ಬೇಳೆ, ಸಂಡಿಗೆ, ಒಣಮೆಣಸಿನಕಾಯಿ ಎಲ್ಲ ಅದರಲ್ಲಿಟ್ಟಿದ್ದೇವೆ. ಬಂದ ನೆಂಟರು ತಣ್ಣೀರು ಕೇಳಿ ಬಾಗಿಲು ತೆಗೆದರೆ ಒಳಗೆ ತೊಗರಿ ಬೇಳೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಚಿಲಕ ಹಾಕಿಸಿಕೊಳ್ಳಿ, ಒಳಗೆ ಹೊಕ್ಕು ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ.

ತಣ್ಣೀರಿಗೆ ಗಡಿಗೆ ಇದೆ. ಇದೂ ಬಿಸಿಲಿನದೇ ಕೆಲಸ ಅಂದರೆ ನಗುತ್ತೀರಿ. ನಮ್ಮ ಕಡೆ ಗಾಳಿ ಒಣ. ಗಡಿಗೆಯ ಮೈಯಿಂದ ಜಿನುಗಿದ ನೀರು ಬೇಗ ಹಾರುತ್ತದೆ, ಹಾರುವಾಗ ಒಳಗಿನ ಬಿಸಿ ಎತ್ತಿಕೊಂಡು ಹೋಗುತ್ತದೆ. ಮಂಗಳೂರಿನ ಬೆವರಿನಲ್ಲಿ ಇದು ಅಷ್ಟು ನಡೆಯುವುದಿಲ್ಲ. ಹೊಸ ಗಡಿಗೆ ಒಂದು ದಿನ ನೀರಲ್ಲಿ ನೆನೆಸಿ. ಸೋಪು ಹಚ್ಚಿ ತಿಕ್ಕಬೇಡಿ, ಸೋಪಿನ ವಾಸನೆ ಹೋಗುವುದಿಲ್ಲ. ಕೆಳಗೆ ಹಸಿ ಮರಳು ಹಾಕಿ, ಗಾಳಿ ಆಡುವ ಮೂಲೆಯಲ್ಲಿ ಇಡಿ. ಸೊಪ್ಪಿಗೆ ಇನ್ನೊಂದು: ದೊಡ್ಡ ಕುಂಡದೊಳಗೆ ಚಿಕ್ಕ ಗಡಿಗೆ ಇಟ್ಟು, ನಡುವೆ ಮರಳು ತುಂಬಿ, ದಿನಕ್ಕೆ ಎರಡು ಸಲ ಮರಳಿಗೆ ನೀರು ಹಾಕಿ. ಬಾಯಿಗೆ ಒದ್ದೆ ಬಟ್ಟೆ ಮುಚ್ಚಿ. ಸಂಜೆಗೇ ಬಾಡುವ ಪಾಲಕ್ ಎರಡು ದಿನ ಬರುತ್ತದೆ. ಹಾಲಿಗೆ ಇದನ್ನು ನಂಬಬೇಡಿ.

ಮನೆ ತಂಪಿಗೂ ಅದೇ ಲೆಕ್ಕ. ಬೆಳಿಗ್ಗೆ ಒಂಬತ್ತಕ್ಕೆ ಕಿಟಕಿ ಬಾಗಿಲು ಮುಚ್ಚಿ, ಗಾಳಿ ಬರುವ ಒಂದು ಕಿಟಕಿಗೆ ಮಾತ್ರ ಒದ್ದೆ ಗೋಣಿತಟ್ಟು ಕಟ್ಟಿ, ರಾತ್ರಿ ಎಲ್ಲ ತೆರೆಯಿರಿ. ಮಾಳಿಗೆಗೆ ಫೆಬ್ರುವರಿಯಲ್ಲೇ ಎರಡು ಸಲ ಸುಣ್ಣ ಬಳಿಯುತ್ತೇನೆ, ಅಂಟು ಹಿಡಿಯಲೆಂದು ಸ್ವಲ್ಪ ಫೆವಿಕಾಲ್ ಕಲಸಿ. ಒಳಗೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಸುಣ್ಣ ಕಣ್ಣಿಗೆ ಸಿಡಿದರೆ ಕೆಲಸ ಕೆಟ್ಟಿತು, ಕನ್ನಡಕ ಹಾಕಿಕೊಳ್ಳಿ.

ಗೃಹಜ್ಯೋತಿ ಇದೆಯಲ್ಲ, ಕರೆಂಟಿಗೆ ಯಾಕೆ ಇಷ್ಟು ಲೆಕ್ಕ ಅನ್ನುತ್ತಾನೆ ನನ್ನ ಮಗ. ಪ್ರತಿ ಮನೆಗೂ ಒಂದು ಮಿತಿ ಇದೆ, ಅದು ಮೀರಿದ್ದಕ್ಕೆ ದುಡ್ಡು ಕಟ್ಟಬೇಕು. 200 ಯೂನಿಟ್ ದಾಟಿತೋ, ಆ ತಿಂಗಳು ಪೂರ್ತಿ ಬಿಲ್ಲೇ ನಮ್ಮ ತಲೆಗೆ. ಒಂದು ಬಕೆಟ್, ಅಂದರೆ 20 ಲೀಟರ್ ನೀರು 20 ಡಿಗ್ರಿ ಬಿಸಿಯಾಗಬೇಕಾದರೆ ಹತ್ತಿರ ಹತ್ತಿರ ಅರ್ಧ ಯೂನಿಟ್ ಬೇಕು. ನಾಲ್ಕು ಜನ, ದಿನಕ್ಕೆ ಎರಡು ಯೂನಿಟ್. ಹಾಗಾಗಿ ಚಳಿಗಾಲಕ್ಕೆ ಹಳ್ಳಿಯ ಭಾವನ ಹತ್ತಿರ ತೂತಿಲ್ಲದ ಕಪ್ಪು ಡ್ರಿಪ್ ಪೈಪು ತಂದು ಮಾಳಿಗೆ ಮೇಲೆ ಸುರುಳಿ ಸುತ್ತಿದ್ದೇನೆ. 16 ಎಂಎಂ ಪೈಪು 100 ಮೀಟರ್ ಇದ್ದರೆ ಒಳಗೆ ಸುಮಾರು 14 ಲೀಟರ್ ನೀರು ನಿಲ್ಲುತ್ತದೆ. ಹನ್ನೊಂದು ಗಂಟೆಗೆ ಸ್ನಾನಕ್ಕೆ ರೆಡಿ. ಬೆಳಿಗ್ಗೆ ಆರಕ್ಕೆ ಸ್ಕೂಲಿಗೆ ಹೋಗುವವರಿಗೆ ಇದು ಉಪಯೋಗ ಇಲ್ಲ, ಒಪ್ಪುತ್ತೇನೆ. ಮೇ ತಿಂಗಳಲ್ಲಿ ತಾಪತ್ರಯ ಉಲ್ಟಾ. ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಟ್ಯಾಂಕಿನ ನೀರೇ ಕೈ ಸುಡುತ್ತದೆ, ಬೆಳಿಗ್ಗೆಯೇ ಬಕೆಟ್ ತುಂಬಿಟ್ಟುಕೊಳ್ಳಬೇಕು.

ಕೌದಿ ವಿಷಯ ಹೇಳದಿದ್ದರೆ ನಮ್ಮನೆಯವಳು ಬಿಡುವುದಿಲ್ಲ, ಅದು ಅವಳ ಕೈಕೆಲಸ. ಜೀನ್ಸ್ ಚಿಂದಿ ನಮಗೆ ಬೇಕಾದಷ್ಟು ಸಿಗುತ್ತದೆ. ಮೊದಲ ಕೌದಿ ಪೂರ್ತಿ ಜೀನ್ಸಿನಲ್ಲೇ ಮಾಡಿದಳು. ಒಗೆದ ದಿನ ಇಬ್ಬರು ಹಿಡಿದರೂ ಎತ್ತಲಾಗಲಿಲ್ಲ. ಈಗ ಸುತ್ತ ಅಂಚಿಗೆ ಮಾತ್ರ ಜೀನ್ಸು, ಹೊಟ್ಟೆಗೆ ಹಳೆಯ ಕಾಟನ್ ಸೀರೆ ನಾಲ್ಕು ಪದರ. ಅಂಚು ಬೇಗ ಸವೆಯುವುದಿಲ್ಲ, ನಡುಭಾಗ ಹಗುರ. ತಗಣಿ ಕಂಡರೆ ಕೌದಿಯನ್ನು ಕರಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಏಪ್ರಿಲ್ ಬಿಸಿಲಿಗೆ ಇಡಿ. ಮಧ್ಯಾಹ್ನ ಒಮ್ಮೆ ಮಗ್ಗುಲು ಬದಲಿಸಿ. ನಡುವಿನ ಮಡಿಕೆಗೂ ಬಿಸಿ ಮುಟ್ಟಬೇಕು, ಅದಕ್ಕೆ ಚೀಲ ಗಿಡಿಯಬೇಡಿ.

ಕೊನೆಗೆ ಏಪ್ರಿಲ್ ಸಂಜೆಯ ಗಾಳಿ. ನಾಲ್ಕು ಗಂಟೆಗೆ ಗುಡ್ಡದ ಕಡೆ ಧೂಳು ಎದ್ದು ಆಕಾಶ ಕಂದು ಬಣ್ಣಕ್ಕೆ ತಿರುಗಿತು ಅಂದರೆ ಹತ್ತು ನಿಮಿಷ ಟೈಮಿದೆ. ಮೊದಲು ಬೇಳೆ, ಅದರಲ್ಲಿ ಎಂಟು ತಿಂಗಳ ದುಡ್ಡಿದೆ. ಆಮೇಲೆ ಟೊಮೆಟೊ, ಹೊರಸು ಸಮೇತ. ಸಂಡಿಗೆ ಬಟ್ಟೆ ಸುತ್ತಿಕೊಂಡು ಬಂದರೂ ನಡೆಯುತ್ತದೆ. ಒಗೆದ ಬಟ್ಟೆ ಕೊನೆಗೆ, ನೆನೆದರೆ ನಾಳೆ ಒಣಗುತ್ತವೆ. ಒಮ್ಮೆ ಬಟ್ಟೆಗೆ ಮೊದಲು ಓಡಿ ಎರಡು ಕಿಲೋ ಬೇಳೆ ಓಣಿಯ ಕೋಳಿಗಳಿಗೆ ಹಾಕಿದವನು ನಾನು.