ಲೋಲಕ ತೋರಿಸಿದ 9.78

ಮೈಸೂರಿನ ಕಾಲೇಜೊಂದರಲ್ಲಿ ಫಿಸಿಕ್ಸ್ ಪ್ರಾಕ್ಟಿಕಲ್ ಮಾಡಿಸುತ್ತೇನೆ. ದಾರಕ್ಕೆ ಗುಂಡು ಕಟ್ಟಿದ ಲೋಲಕದ ಉದ್ದ ಮತ್ತು ತೂಗುವ ಸಮಯದಿಂದ ಗುರುತ್ವದ, ಅಂದರೆ ಭೂಮಿಯ ಸೆಳೆತದ, ಬೆಲೆ ಅಳೆಯುವಾಗ ಒಬ್ಬಳು ಹುಡುಗಿಗೆ ಮತ್ತೆ ಮತ್ತೆ 9.78 ಬಂತು. ಪುಸ್ತಕದಲ್ಲಿರುವುದು 9.81 (ಮೀಟರ್/ಸೆಕೆಂಡ್²). "ಮೇಡಂ, ರೀಡಿಂಗ್ ಸ್ವಲ್ಪ ತಿದ್ದಿಬಿಡ್ಲಾ?" ಅಂದಳು. ಬೇಡಮ್ಮ, ಹಾಗೇ ಇರಲಿ ಅಂದೆ.

ಮೊದಲು ಅನುಮಾನಪಟ್ಟಿದ್ದು ನಮ್ಮ ಕೈಯನ್ನೇ. ಗುಂಡು ತೂಗುಹಾಕಿದ ಮೇಲೆ ದಾರವನ್ನು ಮತ್ತೆ ಅಳೆದೆವು, ಭಾರಕ್ಕೆ ಅದು ಚೂರು ಹಿಗ್ಗಿರುತ್ತದಲ್ವಾ. ಎಣಿಕೆಯನ್ನು ಒಂದರಿಂದ ಅಲ್ಲ, ಸೊನ್ನೆಯಿಂದ ಶುರುಮಾಡಿದೆವು. ಆದರೂ ಸಮಾಧಾನವಾಗಲಿಲ್ಲ. ಒಂದು ಮೀಟರ್ ಲೋಲಕ 100 ಸಲ ತೂಗಿದರೆ 9.81ಕ್ಕೂ 9.78ಕ್ಕೂ ಬರುವ ವ್ಯತ್ಯಾಸ ಸುಮಾರು 0.3 ಸೆಕೆಂಡ್ ಮಾತ್ರ. ಸ್ಟಾಪ್‌ವಾಚ್ ಒತ್ತುವ ಬೆರಳೇ ಅಷ್ಟು ತಡ ಮಾಡಬಹುದು. ಅದಕ್ಕೆ ಫ್ಯಾನ್ ಆರಿಸಿ, 500 ಸಲ ಎಣಿಸಿದೆವು. ಒಂದೊಂದು ಸುತ್ತಿಗೆ ಹೆಚ್ಚುಕಡಿಮೆ 17 ನಿಮಿಷ. ಮೂರು ದಿನ, ಮೂರು ಜನ ಬೇರೆ ಬೇರೆ ಎಣಿಸಿದರೂ 9.78 ಕದಲಲಿಲ್ಲ.

ಆಗ ಅವರಿಗೆ ಫ್ರೆಂಚ್ ಖಗೋಳ ವಿಜ್ಞಾನಿ ಝಾಂ ರಿಶೇ ಕಥೆ ಹೇಳಿದೆ. 1672ರಲ್ಲಿ ಆತ ಪ್ಯಾರಿಸ್‌ನಿಂದ ದಕ್ಷಿಣ ಅಮೆರಿಕದಲ್ಲಿ ಸಮಭಾಜಕದ ಹತ್ತಿರವಿರುವ ಕಾಯೆನ್‌ಗೆ ಹೋಗಿದ್ದ. ಪ್ಯಾರಿಸ್‌ಗೆ ಹೊಂದಿಸಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ನಿಧಾನವಾಯಿತು. ಆತನ ಅಳತೆಯೇ ತಪ್ಪು ಅಂದವರಿದ್ದರು. ಸೆಕೆಗೆ ಲೋಲಕದ ಕಂಬಿ ಹಿಗ್ಗಿರಬಹುದು ಎಂಬ ಪ್ರಶ್ನೆಯೂ ಎದ್ದಿತು. ಅದನ್ನು ಸುಮ್ನೆ ಹಟ ಅನ್ನಲು ನನಗೆ ಮನಸ್ಸಿಲ್ಲ. ನಾವು ದಾರ ಅಳೆದಿದ್ದೂ ಅದೇ ಕೆಲಸ. ಆಮೇಲೆ ಸೇಂಟ್ ಹೆಲೆನಾ ದ್ವೀಪದಲ್ಲಿ ಇಂಗ್ಲಿಷ್ ಖಗೋಳ ವಿಜ್ಞಾನಿ ಹ್ಯಾಲಿಗೂ ಗಡಿಯಾರ ಸರಿಯಾಗಿ ನಡೆಯಲು ಲೋಲಕವನ್ನು ಗಿಡ್ಡ ಮಾಡಬೇಕಾಯಿತು. 1687ರಲ್ಲಿ ನ್ಯೂಟನ್ ಇದಕ್ಕೆ ಕಾರಣ ಕೊಟ್ಟ: ಭೂಮಿ ತಿರುಗುತ್ತದೆ, ಸಮಭಾಜಕದ ಹತ್ತಿರ ಉಬ್ಬಿದೆ, ಅಲ್ಲಿ ಸೆಳೆತ ಕಡಿಮೆ, ಅದಕ್ಕೇ ಲೋಲಕ ನಿಧಾನ. ಬಿದ್ದುಹೋಗಿದ್ದು ಗುರುತ್ವದ ನಿಯಮ ಅಲ್ಲ, ಭೂಮಿ ಪಕ್ಕಾ ಗುಂಡಗಿದೆ ಎಂಬ ನಂಬಿಕೆ.

ಮೈಸೂರು ಇರುವುದು 12 ಡಿಗ್ರಿ ಅಕ್ಷಾಂಶದಲ್ಲಿ, ಸಮುದ್ರ ಮಟ್ಟಕ್ಕಿಂತ 750 ಮೀಟರ್‌ಗೂ ಜಾಸ್ತಿ ಎತ್ತರದಲ್ಲಿ. ಎರಡನ್ನೂ ಸೇರಿಸಿ ಲೆಕ್ಕ ಹಾಕಿದಾಗ ಬೋರ್ಡಿನ ಮೇಲೆ ಬಂದಿದ್ದು 9.78. ಹುಡುಗಿ ತನ್ನ ರೆಕಾರ್ಡ್ ತೆಗೆದು ಪಕ್ಕದಲ್ಲಿಟ್ಟು ನೋಡಿದಳು. ನನಗೆ ಕಣ್ಣು ತುಂಬಿ ಬಂತು.

ಈ ವರ್ಷ ಒಬ್ಬ ಹುಡುಗನಿಗೆ 9.72 ಬಂದಿದೆ. ರೀಡಿಂಗ್ ಅಳಿಸಬೇಡಪ್ಪ ಅಂದಿದ್ದೇನೆ. ನಾಳೆ ಬೆಳಿಗ್ಗೆ ಅವನ ದಾರ ಅಳೆಯಬೇಕು.